ಅರಬಕ್ಕನ ಮೀನುಕೊಳ

ಏಳು ಕಡಲಿನಾಚೆ, ಆಫ್ರಿಕಾದ ಕರಾವಳಿಯಲ್ಲಿ ಒಂದು ಪುಟ್ಟ ರಾಜ್ಯ ಇತ್ತಂತೆ, ಮಕ್ಕಳೇ. ಅಲ್ಲಿ ಅರಬಾ ಅಂತ ಒಬ್ಬ ಹೆಂಗಸು. ದೋಣಿಯವರು ತಂದ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರೋದು ಅವಳ ಕಸುಬು. ಊರಿಗೆಲ್ಲ ಅವಳು ಅರಬಕ್ಕ.

ಒಂದು ವರ್ಷ ಏನಾಯ್ತು? ಪರದೇಶದ ದೊಡ್ಡ ದೊಡ್ಡ ಹಡಗುಗಳು ಬಂದು ಕಡಲನ್ನೇ ಬಳಿದುಕೊಂಡು ಹೋದವು. ಊರಿನ ದೋಣಿಗಳು ಹೋದವು, ಬರಿದಾಗಿ ಬಂದವು. ಮತ್ತೆ ಹೋದವು, ಮತ್ತೆ ಬರಿದು. ಮರಗೆಣಸಿನ ಮುದ್ದೆ ಇದೆ, ನಂಚಿಕೊಳ್ಳೋಕೆ ಮೀನಿಲ್ಲ. ಮಕ್ಕಳು ಸೊರಗಿ ಕಡ್ಡಿಯಾದವು.

"ಕಡಲು ಕೊಡದಿದ್ದರೆ ನೆಲದಲ್ಲೇ ಬೆಳೀತೀನಿ" ಅಂದಳು ಅರಬಕ್ಕ.

ಊರು ನಕ್ಕಿತು. "ಮೀನೇನು ಮೆಕ್ಕೆಜೋಳವೇನಕ್ಕಾ, ಬಿತ್ತಿ ಬೆಳೆಯೋಕೆ?"

ಅವಳು ಹೊಳೆ ಪಕ್ಕ ಒಂದು ಕೊಳ ತೋಡಿದಳು. ಮರಳು ನೆಲ, ನೀರೆಲ್ಲ ಇಂಗಿತು. ಎರಡನೇ ಕೊಳಕ್ಕೆ ಜೇಡಿಮಣ್ಣು ಮೆತ್ತಿ, ಹೊಳೆಯಿಂದ ಜಿಲೇಬಿ ಅನ್ನೋ ಜಾತಿಯ ಮೀನು ತಂದು ಬಿಟ್ಟಳು. ಕೊಕ್ಕರೆಗಳು ಬಂದು ಹಬ್ಬ ಮಾಡಿದವು. ಮೂರನೇ ಕೊಳಕ್ಕೆ ಜೇಡಿಮಣ್ಣೂ ಮೆತ್ತಿದಳು, ಮೇಲೆ ಬಲೆಯನ್ನೂ ಕಟ್ಟಿದಳು. ಮತ್ತೆ ಮೀನು ಬಿಟ್ಟು ದಿನಾ ತವುಡು ಹಾಕಿದಳು. ದಡದಲ್ಲೇ ಕೂತು ಕಣ್ಣಿಟ್ಟು ನೋಡಿದಳು.

ಅಬ್ಬಬ್ಬಾ! ಆರು ತಿಂಗಳಿಗೆ ನೀರು ಕುದಿಯೋ ಹಾಗೆ ಮೀನೋ ಮೀನು! ಮನೆಮನೆಗೂ ಮೀನು. ಮಕ್ಕಳು ಬೆರಳು ನೆಕ್ಕಿ ನೆಕ್ಕಿ ಉಂಡವು. ಊರಿಗೆ ಊರೇ ಕುಣಿಯಿತು.

ಇದು ಕ್ವಾಂಸಾನ ಕಣ್ಣಿಗೆ ಬಿತ್ತು. ಅವನು ರಾಜನ ಪಾರುಪತ್ಯಗಾರ. ನೇರ ಅರಮನೆಗೆ ಓಡಿ, "ಮಹಾಸ್ವಾಮೀ, ಆ ಮೀನು ಸಾಕಿದವನು ನಾನು. ಅರಬಾ ನನ್ನ ಕೂಲಿಯವಳು. ಕೊಳ ನನಗೇ ಬರೆದುಕೊಡಿ" ಅಂದುಬಿಟ್ಟ.

ರಾಜ ಅರಬಕ್ಕನನ್ನು ಕರೆಸಿ ವಿಚಾರಿಸಿದ. ಕೊಳ ಇವನ ಪಾಲಾದರೆ ಮೀನೆಲ್ಲ ಇವನ ಬಳಗದ ಹೊಟ್ಟೆಗೆ. ಊರ ಮಕ್ಕಳ ಗತಿ? ಆದರೂ ಧೈರ್ಯ ತಂದುಕೊಂಡು, "ದೊರೆಗಳು ಕೊಳದ ಹತ್ತಿರ ಬರಬೇಕು. ಮೀನೇ ಸಾಕ್ಷಿ ಹೇಳುತ್ತೆ" ಅಂದಳು.

ರಾಜ ಬಂದ. ಊರೂ ಬಂತು. ಅರಬಕ್ಕ ಅಗಲವಾದ ಬಾನಿಯಲ್ಲಿ ಒಂದು ತಾಯಿಮೀನನ್ನೂ ಅದರ ಮರಿಗಳನ್ನೂ ಬಿಟ್ಟಳು. ಕ್ವಾಂಸಾ ಬಗ್ಗಿದ. ಅವನ ನೆರಳು ನೀರಿನ ಮೇಲೆ ಬಿದ್ದದ್ದೇ ತಡ, ಮರಿಗಳೆಲ್ಲ ಸರಸರ ತಾಯಿಯ ಬಾಯೊಳಗೆ!

"ಅಯ್ಯೋ, ಹೆತ್ತ ಮರೀನೇ ನುಂಗಿತು!" ಅಂತ ಕೂಗಿದ ಕ್ವಾಂಸಾ.

"ನುಂಗಿತಾ ಸ್ವಾಮಿ?" ಕೇಳಿದಳು ಅರಬಕ್ಕ.

"ನುಂಗಿತು."

"ನಿಜವಾಗಿ ನುಂಗಿತಾ?"

"ಕಣ್ಣಾರೆ ಕಂಡೆನಲ್ಲ!"

"ಇನ್ನೊಂದು ಸಲ ಯೋಚನೆ ಮಾಡಿ."

"ಏನು ಯೋಚನೆ! ಇಂಥ ಪಾಪಿ ಮೀನುಗಳನ್ನ ನಾನು ದಿನಾ ಹಿಡಿದು ಕೊಲ್ಲಿಸ್ತಿದ್ದೆ!"

"ಹಾಗಾದರೆ ಎಲ್ಲರೂ ಸ್ವಲ್ಪ ಹಿಂದೆ ಸರೀರಿ" ಅಂದಳು ಅರಬಕ್ಕ.

ಎಲ್ಲರೂ ಹಿಂದೆ ಸರಿದರು. ನೀರಿನ ಮೇಲಿನ ನೆರಳು ಹೋಯಿತು. ತಾಯಿಮೀನು ಮೆಲ್ಲಗೆ ಬಾಯಿ ತೆರೆಯಿತು. ಸಾಸಿವೆ ಚೆಲ್ಲಿದ ಹಾಗೆ ಮರಿಗಳೆಲ್ಲ ಹೊರಗೆ ಬಂದವು, ಒಂದೂ ಬಿಡದೆ!

"ಭಯವಾದರೆ ಮರಿಗಳನ್ನ ಬಾಯಲ್ಲಿಟ್ಟು ಕಾಯುತ್ತೆ, ದೊರೆಗಳೇ. ಒಂದೇ ಒಂದು ದಿನ ದಡದಲ್ಲಿ ಕೂತವರಿಗೂ ಇದು ಗೊತ್ತು."

ಊರು ಹೋ ಎಂದಿತು. ಕ್ವಾಂಸಾನ ಮುಖ ಕಪ್ಪಿಟ್ಟಿತು.

"ಸಾಕಿದವನಂತೆ, ಸಾಕಿದವನು!" ಎಂದು ರಾಜ ಗುಡುಗಿದ. "ಪಾರುಪತ್ಯ ಸಾಕು. ಇವತ್ತಿನಿಂದ ಬುಟ್ಟಿ ಹಿಡಿ. ಈ ಅರಬಕ್ಕ ಹೇಳಿದ ಕಡೆಯೆಲ್ಲ ಜೇಡಿಮಣ್ಣು ಹೊರು!"

ಕ್ವಾಂಸಾ ಮಣ್ಣು ಹೊತ್ತ, ಅರಬಕ್ಕ ಊರೂರಿಗೆ ಹೋಗಿ ಕೊಳ ತೋಡೋದು ಕಲಿಸಿದಳು. ಮಾರನೇ ವರ್ಷದ ಹೊತ್ತಿಗೆ ಆ ರಾಜ್ಯದಲ್ಲಿ ಹಸಿದು ಮಲಗುವ ಮಗುವೇ ಇರಲಿಲ್ಲವಂತೆ.

ಅದಕ್ಕೇ ಮಕ್ಕಳೇ, ಇನ್ನೊಬ್ಬರು ಬೆವರು ಸುರಿಸಿ ಬೆಳೆದದ್ದನ್ನು ನನ್ನದು ಅನ್ನಬಾರದು. ಕಲಿತ ವಿದ್ಯೆಯನ್ನು ಹಂಚಬೇಕು, ಆಗ ಎಲ್ಲರ ಹೊಟ್ಟೆಯೂ ತುಂಬುತ್ತೆ.