ಮುಚ್ಚಿ ತೋರಿಸಿ

ಹೆಗ್ಗಣವೊಂದು ಹೊಸ ಕಣಜ ಕಟ್ಟಿ, ಅದನ್ನು ತೋರಿಸಲು ಗಿಣಿಯನ್ನೂ ಕಾಗೆಯನ್ನೂ ಊಟಕ್ಕೆ ಕರೆಯಿತು. ಗಿಣಿ ಯಾರು ಏನು ಪ್ರಕಟಣೆ ಕೊಟ್ಟರೂ ಅದನ್ನು ಹಾಗೆಯೇ ಸಾರುತ್ತಿತ್ತು. ಕಾಗೆ ಯಾರ ಸಂಬಳದಲ್ಲೂ ಇರದೆ ಸ್ವಂತ ಬ್ಲಾಗ್ ಬರೆಯುತ್ತಿತ್ತು.

ಊಟವಾದ ಮೇಲೆ ಹೆಗ್ಗಣ ಹೇಳಿತು: "ನನ್ನ ಕಣಜಕ್ಕೆ ಎರಡು ದಾರಿ. ಒಂದು ಮುಚ್ಚಿಹೋದರೂ ಇನ್ನೊಂದರಿಂದ ಕಾಳು ಹೊರಗೆ ಬರುತ್ತಲೇ ಇರುತ್ತದೆ."

"ಬರುತ್ತಲೇ ಇರುತ್ತದೆ!" ಎಂದು ಗಿಣಿ ಆಗಲೇ ಕೊಂಬೆಯೇರಿ ಸಾರತೊಡಗಿತು.

ಕಾಗೆ ಕೇಳಿತು: "ಹಾಗಾದರೆ ಈಗಲೇ ಒಂದನ್ನು ಮುಚ್ಚಿ ತೋರಿಸಿ."

"ನಮ್ಮ ಮನೆಯಲ್ಲಿ ಉಂಡು ನಮ್ಮನ್ನೇ ಪರೀಕ್ಷೆ ಮಾಡುತ್ತೀರಾ?" ಎಂದು ಹೆಗ್ಗಣ ರೇಗಿತು.

"ಊಟ ಸಿಕ್ಕಿದ್ದು ನನಗೆ, ಸ್ವಾಮಿ. ನನ್ನ ಮಾತು ನಂಬಿ ಇಲ್ಲಿ ಕಾಳು ತಂದಿಡುವುದು ಇರುವೆಗಳು."

ಹೆಗ್ಗಣ ಗೊಣಗುತ್ತಲೇ ಮುಂದಿನ ದಾರಿಗೆ ಕಲ್ಲು ಉರುಳಿಸಿತು. ಹಿಂದಿನ ದಾರಿಗೆ ಬಾಯಿಯಷ್ಟೇ ಇತ್ತು, ಒಳಗೆಲ್ಲ ಮಣ್ಣು. ಒಂದು ಕಾಳೂ ಬರಲಿಲ್ಲ. ಕಾಗೆ ಕಂಡದ್ದನ್ನು ಕಂಡಂತೆ ಬರೆಯಿತು.

ಹೆಗ್ಗಣ ಮಳೆಗಾಲವಿಡೀ ಅಗೆದು ಹಿಂದಿನ ದಾರಿಯನ್ನು ನಿಜವಾಗಿ ಕೊರೆಯಿತು. ಗಿಣಿ ಮತ್ತೆ ಹೊಗಳಿತು. ಕಾಗೆಯ ಬರಹ ಓದಿದ್ದ ಇರುವೆಗಳು ಮಾತ್ರ ಕಾಳು ತರಲು ಕದಲಲಿಲ್ಲ.

ಕೊನೆಗೆ ಹೆಗ್ಗಣ ತಾನೇ ಕಾಗೆಯ ಮರದ ಬುಡಕ್ಕೆ ಹೋಗಿ ನಿಂತು ಹೇಳಿತು: "ಬನ್ನಿ. ಈ ಸಲ ಯಾವ ದಾರಿ ಮುಚ್ಚಬೇಕೆಂದು ನೀವೇ ಹೇಳಿ."