ವಕೀಲ ಲಜಾರ್ ಮತ್ತು ಮಂಜಿನ ತಿಂಗಳು

ಕಡಲಾಚೆ, ತುಂಬ ದೂರ, ಫ್ರಾನ್ಸ್ ಅಂತ ಒಂದು ದೇಶ. ಆ ದೇಶದ ಒಂದು ಪುಟ್ಟ ಊರಿನಲ್ಲಿ ಲಜಾರ್ ಎಂಬ ವಕೀಲನಿದ್ದ. ಬಡಪಾಯಿಗಳ ಪರ ವಾದ ಮಾಡುತ್ತಿದ್ದ. ಊರವರು ಅವನನ್ನೇ ಆರಿಸಿ ರಾಜಧಾನಿಯ ಜನರ ಸಭೆಗೂ ಕಳಿಸಿದ್ದರು. ಕಂಡದ್ದನ್ನೆಲ್ಲ ಬರೆದಿಡುವುದು ಅವನಿಗೊಂದು ಹುಚ್ಚು. ಊರಿಗೆ ಮರಳಿದ ಮೇಲೂ ತನ್ನ ಕಾಲದ ಇತಿಹಾಸ ಬರೆಯುತ್ತ ಕೂತಿರುತ್ತಿದ್ದ.

ಆಗ ಕಾಲವೇ ತಲೆಕೆಳಗಾಗಿತ್ತು ಮಕ್ಕಳೇ. ಜನ ರಾಜನನ್ನು ಸಿಂಹಾಸನದಿಂದ ಇಳಿಸಿದ್ದರು. ಅದಾಗಿ ವರ್ಷ ಕಳೆದ ಮೇಲೆ ಹೊಸ ಸರ್ಕಾರ ತಿಂಗಳುಗಳ ಹೆಸರನ್ನೂ ಬದಲಿಸಿತು. ಒಂದು ಮಂಜಿನ ತಿಂಗಳು, ಒಂದು ಹೂವಿನ ತಿಂಗಳು, ಒಂದು ಸುಗ್ಗಿಯ ತಿಂಗಳು. ದ್ರೋಹಿಗಳನ್ನು ಹುಡುಕಿ ಹಿಡಿಯುವ ಊರಿನ ಕಾವಲು ಸಮಿತಿಗೆ ಗಾಸ್ಪಾರ್ ಎಂಬವನು ಯಜಮಾನ. ಯಾರಾದರೂ ಬಾಯಿತಪ್ಪಿ ಹಳೆಯ ಹೆಸರು ಹೇಳಿದರೆ ಬೀದಿಯಲ್ಲೇ ಗದರುತ್ತಿದ್ದ. ತಾನಂತೂ ಕನಸಿನಲ್ಲೂ ಹೊಸ ಹೆಸರನ್ನೇ ಕನವರಿಸುವಷ್ಟು ಭಕ್ತ.

ಈ ಭಕ್ತನ ಕಣ್ಣು ಸೂಲಗಿತ್ತಿ ಮಾರ್ತಜ್ಜಿಯ ಸೇಬಿನ ತೋಟದ ಮೇಲೆ ಬಿತ್ತು. ದ್ರೋಹಿಗಳ ಆಸ್ತಿ ಸಮಿತಿಗೆ ಸೇರುತ್ತಿತ್ತು, ಸಮಿತಿಯೆಂದರೆ ಗಾಸ್ಪಾರ್. "ರಾಜ ಪಟ್ಟದಲ್ಲಿದ್ದಾಗ ಈ ಮುದುಕಿ ಅವನಿಗೆ ಗುಟ್ಟಾಗಿ ಪತ್ರ ಬರೆದು, ರಾಜನ ವಿರುದ್ಧ ಎದ್ದ ನಮ್ಮವರ ಹೆಸರೆಲ್ಲ ಕೊಟ್ಟಿದ್ದಾಳೆ. ಪತ್ರ ನನ್ನ ಕೈಲಿದೆ" ಅಂತ ದೂರು ಕೊಟ್ಟ. ಅಜ್ಜಿಯನ್ನು ಸೆರೆಗೆ ಹಾಕಿದರು. ತಪ್ಪು ಸಾಬೀತಾದರೆ ತಲೆಯೇ ಹೋಗುತ್ತಿತ್ತು. ಊರೆಲ್ಲ ಹೆದರಿ ಸುಮ್ಮನಾಯಿತು. ಲಜಾರ್ ಒಬ್ಬ ಅವಳ ಪರ ನಿಂತ.

ಗಾಸ್ಪಾರ್ ಮೂರು ದಿನ ಅವನ ಮನೆ ಬಾಗಿಲಿಗೆ ಬಂದ.

ಮೊದಲ ದಿನ, "ವಕೀಲರೇ, ಈ ಕೇಸು ಬಿಡಿ. ಸಮಿತಿಯಲ್ಲಿ ಕುರ್ಚಿ ಕೊಡಿಸ್ತೀನಿ" ಅಂದ.

"ನಮ್ಮ ಮನೇಲೇ ಕುರ್ಚಿ ಇದೆಯಲ್ಲ," ಅಂದ ಲಜಾರ್.

ಎರಡನೇ ದಿನ, "ನಿಮ್ಮ ಇತಿಹಾಸದ ಪುಸ್ತಕಾನ ಸರ್ಕಾರದಿಂದಲೇ ಅಚ್ಚು ಹಾಕಿಸ್ತೀನಿ" ಅಂದ. ಸುಳ್ಳೇಕೆ ಹೇಳಲಿ, ಲಜಾರನಿಗೆ ಒಂದು ಗಳಿಗೆ ಆಸೆಯಾಯಿತು. ಅದನ್ನು ನುಂಗಿಕೊಂಡು, "ಪುಸ್ತಕ ಇನ್ನೂ ಮುಗಿದಿಲ್ಲ" ಅಂದ.

ಮೂರನೇ ದಿನ ಗಾಸ್ಪಾರನ ಮರ್ಯಾದೆಯ ಮಾತು ಮುಗಿದಿತ್ತು. "ತಲೆ ಕಡಿಯೋ ಯಂತ್ರಕ್ಕೆ ಒಂದು ತಲೆ ಆದರೇನು, ಎರಡಾದರೇನು? ನೋಡ್ಕೋ!"

ಲಜಾರ್ ಬಾಗಿಲು ಮುಚ್ಚುತ್ತ, "ನಾಳೆ ಕೋರ್ಟಿನಲ್ಲಿ ಸಿಗೋಣ" ಅಂದ.

ಮಾರನೇ ದಿನ ಕೋರ್ಟಿನಲ್ಲಿ ಆ ಪತ್ರವನ್ನು ಅವನ ಕೈಗೆ ಕೊಟ್ಟರು. ಒಮ್ಮೆ ಓದಿದ. ಎರಡನೇ ಸಲ ಓದಿದ. ಮೂರನೇ ಸಲ ಓದಿ ಎದ್ದು ನಿಂತ.

"ಗಾಸ್ಪಾರಪ್ಪನವರೇ, ಈ ಪತ್ರ ಅಜ್ಜಿಯೇ ಬರೆದದ್ದೋ?"

"ಅವಳೇ."

"ರಾಜ ಪಟ್ಟದಲ್ಲಿದ್ದಾಗಲೇ ಬರೆದದ್ದೋ?"

"ಆಗಲೇ. ಅದಕ್ಕೇ ತಾನೇ ದ್ರೋಹ ಅನ್ನೋದು!"

"ಆಮೇಲೆ ಯಾರೂ ಒಂದಕ್ಷರಾನೂ ಸೇರಿಸಿಲ್ಲವೋ?"

"ಆಣೆ ಮಾಡಿ ಹೇಳ್ತೀನಿ, ಇಲ್ಲ!"

ಲಜಾರ್ ಪತ್ರವನ್ನು ನ್ಯಾಯಾಧೀಶರ ಮುಂದಿಟ್ಟ. "ಸ್ವಾಮಿ, ಮೇಲಿರೋ ತಾರೀಖು ನೋಡಿ. ಮಂಜಿನ ತಿಂಗಳು, ಹತ್ತನೇ ದಿನ. ರಾಜ ಪಟ್ಟದಲ್ಲಿದ್ದಾಗ ಈ ತಿಂಗಳು ಎಲ್ಲಿತ್ತು? ಅವನು ಇಳಿದು ವರ್ಷವಾದ ಮೇಲೆ ರಾಜಧಾನಿಯ ಸಭೆಯಲ್ಲಿ ನಾವೇ ಕೈಯೆತ್ತಿ ಇಟ್ಟ ಹೆಸರು ಇದು. ಮಾರ್ತಜ್ಜಿ ಈ ಊರಿನ ಕೂಸುಗಳನ್ನೆಲ್ಲ ಎತ್ತಿಕೊಂಡವಳು, ನಿಜ. ಹುಟ್ಟದೇ ಇದ್ದ ತಿಂಗಳನ್ನ ಹೇಗೆ ಎತ್ತಿಕೊಂಡಳು?"

ಕೋರ್ಟಿಗೆ ಕೋರ್ಟೇ ಗೊಳ್ಳೆಂದು ನಕ್ಕಿತು.

"ಹಳೇ ಹೆಸರು ಮರೆತೇ ಹೋಗಿತ್ತೇನಪ್ಪಾ?" ಅಂದರು ನ್ಯಾಯಾಧೀಶರು, ಗಾಸ್ಪಾರನ ಕಡೆ ತಿರುಗಿ. ಸುಳ್ಳು ಪತ್ರ ಹುಟ್ಟಿಸಿದವನನ್ನು ಕಾವಲಿನವರು ಹಿಡಿದುಕೊಂಡು ಹೋದರು.

ಅಜ್ಜಿಯ ಕೈಕಟ್ಟು ಬಿಚ್ಚಿದಾಗ ಲಜಾರನಿಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಅವನ ಬೆನ್ನು ತಟ್ಟಿ, "ಅಳಬೇಡ ಕಣೋ ಮಗನೇ, ದಾರಿ ಬಿಡು. ಬಡಗಿಯ ಸೊಸೆಗೆ ದಿನ ತುಂಬಿದೆ, ನಾನು ಹೋಗಬೇಕು" ಅಂತ ಅಂಗಿಯ ತೋಳು ಮಡಚಿಕೊಂಡು ಹೊರಟೇಬಿಟ್ಟಳು.

ನೀತಿ ಇಷ್ಟೇ ಮಕ್ಕಳೇ. ಆಳುವವರು ತಿಂಗಳ ಹೆಸರನ್ನು ಬದಲಿಸಬಹುದು, ಕಳೆದುಹೋದ ದಿನವನ್ನು ಬದಲಿಸಲಾರರು. ನಡೆದದ್ದನ್ನು ನಡೆದ ಹಾಗೆ ನೆನಪಿಟ್ಟುಕೊಂಡು, ಅದನ್ನು ಎದ್ದು ನಿಂತು ಹೇಳುವವನು ಊರಿಗೊಬ್ಬನಿದ್ದರೆ, ಸುಳ್ಳುಗಾರ ಸಿಕ್ಕಿಬೀಳುತ್ತಾನೆ.