ಬೂದಿಯೊಳಗಿನ ತಂತಿ

ಪಂಪಣ್ಣನ ಇಟ್ಟಿಗೆ ಭಟ್ಟಿಯ ಬಾಗಿಲಲ್ಲಿ ಒಂದು ಬೋರ್ಡಿತ್ತು: 'ಇಲ್ಲಿ ಭತ್ತದ ಹೊಟ್ಟು ಬಿಟ್ಟು ಬೇರೇನೂ ಸುಡುವುದಿಲ್ಲ.' ಅಕ್ಷರ ಎಷ್ಟು ದಪ್ಪ ಅಂದರೆ, ಬಸ್ಸಿನಲ್ಲಿ ಹೋಗುವವರೂ ಕೂತಲ್ಲೇ ಓದಬಹುದಿತ್ತು.

ಆ ಬೋರ್ಡು ಸುಮ್ಮನೆ ಬಂದದ್ದಲ್ಲ. ಮೊದಲು ಅವನೂ ಕಲ್ಲಿದ್ದಲು, ಹಳೇ ಟೈರು, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ ತುರುಕುತ್ತಿದ್ದ. ಪಕ್ಕದ ಓಣಿಯಲ್ಲಿ ಒಗೆದು ಹಾಕಿದ ಬಟ್ಟೆ ಸಂಜೆಗೆ ಕಪ್ಪಿಡುತ್ತಿತ್ತು. ಕೂಸುಗಳು ಕೆಮ್ಮುತ್ತಿದ್ದವು. ಕೊನೆಗೆ ಊರವರು ಸೇರಿ, ಭಟ್ಟಿ ಮುಚ್ಚಿಸಿಯೇ ಬಿಡೋಣ ಎಂದು ಹೊರಟರು. ಆಗ ಅಡ್ಡ ಬಂದವಳು ಅದೇ ಓಣಿಯ ಹುಲಿಗೆಮ್ಮ ಎಂಬ ಮುದುಕಿ ಒಬ್ಬಳೇ.

"ಊರ ಸುತ್ತ ಇಷ್ಟು ರೈಸ್ ಮಿಲ್ ಅದಾವ. ಹೊಟ್ಟು ತಂದು ಸುಡ್ತೀನಿ ಅಂತಾನ. ಒಂದ್ ಸಲ ನಂಬಿ ನೋಡ್ರಪಾ," ಅಂದಳು. ಅವಳ ಮಾತಿನ ಮೇಲೆ ಭಟ್ಟಿ ಉಳಿಯಿತು.

ಪಂಪಣ್ಣ ನಿಜವಾಗಿಯೂ ಬದಲಾದ. ಮಣ್ಣು ಕಲಸುವ ಯಂತ್ರಕ್ಕೆ ಸೋಲಾರ್ ಹಾಕಿಸಿದ. ಒಲೆಗೆ ಹೊಟ್ಟು ತರಿಸಿದ. ಪ್ರತಿ ಸಲ ಇಟ್ಟಿಗೆ ಸುಟ್ಟು ಭಟ್ಟಿ ಬಿಚ್ಚಿದ ದಿನ ಓಣಿಯ ಮನೆಮನೆಗೂ ಒಂದೊಂದು ಬುಟ್ಟಿ ಬೂದಿ ಕಳಿಸುವ ಪದ್ಧತಿಯನ್ನೂ ಹಾಕಿದ. ಹೊಟ್ಟಿನ ಬೂದಿ ನುಣ್ಣಗಿರುತ್ತದೆ, ಅದರಲ್ಲಿ ತಿಕ್ಕಿದರೆ ತಾಮ್ರದ ಕೊಡ ಫಳಫಳ ಹೊಳೆಯುತ್ತದೆ. "ನನ್ನ ಒಲಿಯಾಗ ಏನಿತ್ತು ಅಂತ ಬೂದೀನ ಹೇಳತೈತಿ ನೋಡ್ರಿ," ಎಂದು ಎದೆಯುಬ್ಬಿಸಿ ತಿರುಗುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೊಂದು ದಿನ ಅಕಾಲದ ಮಳೆ ಬಂದು, ತಾಡಪಾಲು ಹಾರಿ, ಹೊಟ್ಟಿನ ರಾಶಿಯೆಲ್ಲ ನೆನೆದು ಮುದ್ದೆಯಾಯಿತು. ಶಾಲೆಯ ಗೋಡೆಗೆ ಇಂಥ ದಿನ ಇಟ್ಟಿಗೆ ಕೊಡುತ್ತೇನೆ ಎಂದು ಅವನು ಒಪ್ಪಿಕೊಂಡಿದ್ದ. ಮಿಲ್ಲುಗಳ ಅಂಗಳದ ಹೊಟ್ಟೂ ನೆನೆದಿತ್ತು, ಒಣಗಲು ವಾರ ಬೇಕು. 'ತಡವಾಗುತ್ತದೆ' ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಪಂಪಣ್ಣನಿಗೆ ಅಷ್ಟರಲ್ಲಿ ಹೊಗಳಿಸಿಕೊಳ್ಳುವ ಚಟ ಹತ್ತಿತ್ತು! ಹೇಳಿದ ದಿನಕ್ಕೆ ಕೊಡುವವ ಎಂಬ ಹೆಸರೂ ಬೇಕು, ಬೋರ್ಡೂ ಉಳಿಯಬೇಕು. ಗುಟ್ಟಾಗಿ ಒಂದು ಗಾಡಿ ಹಳೇ ಟೈರು ತರಿಸಿದ.

"ಬ್ಯಾಡ್ರಿ ಧಣಿ," ಅಂದ ಒಲೆ ನೋಡಿಕೊಳ್ಳುವ ಮೌಲಾಸಾಬ. "ಒಂದು ವಾರ ತಡಾ ಆದ್ರ ಸಾಲಿ ಏನು ಓಡಿ ಹೋಗತೈತೇನ್ರಿ?"

"ಗಾಳಿ ಕಾಲುವಿ ಕಡೆ ಐತಿ. ಹೊಗಿ ಯಾರಿಗೂ ಕಾಣಂಗಿಲ್ಲ. ಇದೊಂದ ಸಲ, ಸುಮ್ನಿರು."

ಹೊಗೆ ಕಾಲುವೆಯ ಕಡೆಗೇ ಹೋಯಿತು. ಯಾರೂ ನೋಡಲಿಲ್ಲ. ಇಟ್ಟಿಗೆ ಹೇಳಿದ ದಿನಕ್ಕೇ ಶಾಲೆ ಸೇರಿತು. ಆದರೆ ಟೈರು ಸುಟ್ಟರೂ ಅದರೊಳಗಿನ ಉಕ್ಕಿನ ತಂತಿ ಸುಡುತ್ತದೆಯೇ? ಪಂಪಣ್ಣ ದಪ್ಪ ತಂತಿಗಳನ್ನು ಹೆಕ್ಕಿಸಿ ಬಿಸಾಡಿಸಿದ. ಈ ಸಲ ಬೂದಿ ಕಳಿಸದಿದ್ದರೆ ಓಣಿಯವರು ಯಾಕೆಂದು ಕೇಳುತ್ತಾರಲ್ಲ! ಅದಕ್ಕೆ ಕರಿ ಬೂದಿಗೆ ಹೋದ ಸಲದ ಹೊಟ್ಟಿನ ಬೂದಿ ಬೆರೆಸಿ, ಬಣ್ಣ ಸರಿಮಾಡಿ, ಬುಟ್ಟಿ ತುಂಬಿಸಿ ಕಳಿಸಿದ. ಕೂದಲಿನಷ್ಟು ಸಣ್ಣ ತಂತಿಗಳು ಅದರಲ್ಲೇ ಉಳಿದವು.

ಮೂರನೆಯ ದಿನ ಹುಲಿಗೆಮ್ಮ ಭಟ್ಟಿಗೆ ಬಂದಳು. ಬಲಗೈಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು. ಸೆರಗಿನ ಗಂಟು ಬಿಚ್ಚಿ, ತುಂಡು ತಂತಿಗಳನ್ನು ಪಂಪಣ್ಣನ ಮುಂದೆ ಸುರಿದಳು.

"ಕೊಡ ತಿಕ್ಕುವಾಗ ಅಂಗೈಯಾಗ ಹೊಕ್ಕವು ನೋಡಪಾ. ನಿನ್ನ ಬೂದಿಯಾಗ ಯಾರೋ ಹೊಲಸು ಬೆರಸ್ಯಾರ. ಓಣಿಯಾಗ ಎಲ್ಲಾರೂ, ಪಂಪಣ್ಣ ಮತ್ತ ಟೈರು ಸುಟ್ಟಾನ ಅಂತಾರ. ನಾ ಬಿಡತೀನೇನು? ಮನಿಮನಿಗೆ ಹೋಗಿ ಜಗಳಾ ಮಾಡಿ ಬಂದೀನಿ. ನಿನ್ನ ಕೆಲಸದವರನ್ನ ಚಂದಂಗ ವಿಚಾರಿಸು."

ಪಂಪಣ್ಣನಿಗೆ 'ಹೌದು, ನಾನೇ' ಎನ್ನಲು ನಾಲಿಗೆ ಏಳಲಿಲ್ಲ. "ವಿಚಾರಿಸ್ತೀನಿ ಬೇ ಯವ್ವಾ," ಅಂದುಬಿಟ್ಟ.

ಮುದುಕಿ ಮೌಲಾಸಾಬನ ಕಡೆ ತಿರುಗಿದಳು. "ನಿಂದ ಇರಬೇಕು ಈ ಕೆಲಸ! ಉಂಡ ಮನಿ ಹೆಸರು ಕೆಡಸ್ತೀ, ನಾಚಿಕಿ ಬರೂದಿಲ್ಲೇನು?"

ಮೌಲಾಸಾಬ ಧಣಿಯ ಕಡೆ ನೋಡಲಿಲ್ಲ. ತಲೆ ತಗ್ಗಿಸಿ ಬೈಗುಳವನ್ನೆಲ್ಲ ಕೇಳಿಸಿಕೊಂಡ. ಪಂಪಣ್ಣನಿಗೆ ಮೈಮೇಲೆ ಕೆಂಡ ಸುರಿದಂತಾಯಿತು. ಥೂ, ನನ್ನ ಜನ್ಮಕ್ಕಿಷ್ಟು! ಬೇಡ ಅಂದವನಿಗೆ ಬೈಗುಳ, ನಂಬಿದವಳಿಗೆ ಗಾಯ, ಮಾಡಿದ ನಾನು ಇಲ್ಲಿ ನ್ಯಾಯ ಹೇಳುವವನ ಹಾಗೆ ನಿಂತಿದ್ದೇನೆ ಅನ್ನಿಸಿತು.

"ಯವ್ವಾ, ಅವನಿಗೆ ಬೈಬ್ಯಾಡ. ಅಂವ ಬ್ಯಾಡ ಅಂದಿದ್ದ. ಟೈರು ಸುಟ್ಟಾಂವ ನಾನು. ಬೂದಿಗೆ ಬೂದಿ ಬೆರಸಿದಾಂವನೂ ನಾನ."

ಹುಲಿಗೆಮ್ಮ ಬೈಯುತ್ತಾಳೆ ಅಂದುಕೊಂಡ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಸುಮ್ಮನೆ ತನ್ನ ಕೈ ನೋಡಿಕೊಂಡಳು.

"ಮೌಲಾ, ತಪ್ಪಾತಪಾ," ಅಂದಳು ಮೊದಲು. ಆಮೇಲೆ ಪಂಪಣ್ಣನಿಗೆ, "ನಿನ್ನ ಸಲುವಾಗಿ ನಾ ಎಷ್ಟು ಮಂದೀನ ಸುಳ್ಳರು ಅಂದು ಬಂದೆನಲ್ಲೋ. ಈಗ ಆ ಮನಿಗಳಿಗೆಲ್ಲಾ ಯಾರು ಹೋಗಬೇಕು?"

ಪಂಪಣ್ಣ ಬೋರ್ಡು ಕಿತ್ತು ಬೋರಲು ಹಾಕಿದ. ಖಾಲಿ ಬುಟ್ಟಿ ತಲೆಮೇಲೆ ಹೊತ್ತು ಓಣಿಗೆ ನಡೆದ. ಒಂದೊಂದು ಬಾಗಿಲಲ್ಲೂ ನಿಂತು, "ಹುಲಿಗೆಮ್ಮ ಸುಳ್ಳು ಹೇಳಿಲ್ರಿ, ಆಕಿಗೆ ಗೊತ್ತಿರಲಿಲ್ಲ. ಸುಟ್ಟಾಂವ ನಾನ," ಎಂದು ಹೇಳಿ ಬೂದಿ ವಾಪಸು ಪಡೆದ. ಕೆಲವರು ಬೈದರು. ಒಬ್ಬಳು ಬಾಗಿಲನ್ನೇ ತೆರೆಯಲಿಲ್ಲ. ಶಾಲೆಗೂ ಹೋಗಿ, ಆ ಇಟ್ಟಿಗೆಯನ್ನು ಹೇಗೆ ಸುಟ್ಟದ್ದೆಂದು ಹೆಡ್‌ಮಾಸ್ತರರ ಎದುರು ಒಪ್ಪಿಕೊಂಡ.

ಮುಂದೆ ಹೊಟ್ಟಿಗೆ ಗಟ್ಟಿ ತಗಡಿನ ಚಪ್ಪರ ಹಾಕಿಸಿದ. ಹೊಟ್ಟಿನಲ್ಲೇ ಸುಟ್ಟ. ಭಟ್ಟಿ ಬಿಚ್ಚಿದ ದಿನ ಬೂದಿಯ ಬುಟ್ಟಿಯನ್ನು ತಾನೇ ಹೊತ್ತು ತಂದ. ಓಣಿಯ ಹೆಂಗಸರು ಬೇಡ ಅನ್ನಲಿಲ್ಲ. ಆದರೆ ಒಬ್ಬೊಬ್ಬರೂ ಒಳಗಿನಿಂದ ಜರಡಿ ತಂದು, ಅವನ ಕಣ್ಣೆದುರಿಗೇ ಬೂದಿ ಸಾಣಿಸಿಕೊಂಡರು. ಅವನು ತಲೆ ತಗ್ಗಿಸಿ ನಿಂತಿದ್ದ.

ಹುಲಿಗೆಮ್ಮನ ಮನೆ ಕೊನೆಗೆ ಬಂತು. ಅವಳು ಜರಡಿ ತರಲಿಲ್ಲ. ಇನ್ನೂ ಪೂರ್ತಿ ಮಾಯದ ಆ ಬಲಗೈಯನ್ನೇ ಬುಟ್ಟಿಯೊಳಗೆ ಹಾಕಿ, ಒಂದು ಹಿಡಿ ಬೂದಿ ತೆಗೆದು ಕೊಡ ತಿಕ್ಕತೊಡಗಿದಳು. ಇವಳೂ ಒಂದು ಜರಡಿ ಹಿಡಿಯಬಾರದಿತ್ತೇ ಎಂದು ಪಂಪಣ್ಣನಿಗೆ ಅಳು ಬಂತು.

ನೀತಿ: ಶುದ್ಧವಾಗಿ ದುಡಿಯುತ್ತೇನೆಂದು ಮಾತು ಕೊಟ್ಟವನು ಯಾರೂ ನೋಡದ ದಿನವೂ ಹಾಗೇ ದುಡಿಯಬೇಕು. ಮಾತು ತಪ್ಪಿದರೆ ಮೊದಲ ಗಾಯ ಆಗುವುದು ನಮ್ಮನ್ನು ನಂಬಿದವರಿಗೇ.